ಬಂದೂಕಿನೊಡನೆ ವಿಮಾನಯಾನ

ನೀವು ವಿಮಾನ ನಿಲ್ದಾಣಕ್ಕೆ ಹೋಗಿದ್ದರೆ ಅಲ್ಲಿಯ ಒಂದು ಚಿತ್ರಫಲಕವನ್ನು ನೋಡಿರುತ್ತೀರಿ. ಕತ್ತರಿ, ಚಾಕು, ಬೆಂಕಿಪೆಟ್ಟಿಗೆ, ಪಟಾಕಿ, ಹೀಗೆ ಒಯ್ಯಬಾರದ ವಸ್ತುಗಳ ಸಾಲು. ಪ್ರತಿಯೊಂದರ ಮೇಲೂ ಒಂದು ಕೆಂಪು ಗೀಟು. ಆ ಸಾಲಿನಲ್ಲಿ ಬಂದೂಕಿನ ಚಿತ್ರವೂ ಇರುತ್ತದೆ. ಅದನ್ನು ನೋಡಿದವರಿಗೆ ಬಂದೂಕಿಗೂ ವಿಮಾನಕ್ಕೂ ಯಾವ ಸಂಬಂಧವೂ ಇರಲಾರದೆಂದು ತೋರುವುದು ಸಹಜ. ಪ್ರಯಾಣಿಕರು ಕುಳಿತುಕೊಳ್ಳುವ ಭಾಗದ ಮಟ್ಟಿಗೆ ಅದು ಸರಿಯೂ ಹೌದು. ಆದರೆ ನೀವು ಕಿಟಕಿಯ ಪಕ್ಕದಲ್ಲಿ ಕುಳಿತು ಮೋಡಗಳನ್ನು ನೋಡುತ್ತಿರುವಾಗ, ನಿಮ್ಮ ಕಾಲಕೆಳಗಿನ ಸರಕುಕೋಣೆಯಲ್ಲಿ, ನಿಮ್ಮ ಬಟ್ಟೆಬರೆಯ ಪೆಟ್ಟಿಗೆಗೆ ಒತ್ತಿಕೊಂಡೇ, ಪರವಾನಗಿಯುಳ್ಳ ಬಂದೂಕೊಂದು ಕಾನೂನುಬದ್ಧವಾಗಿ ನಿಮ್ಮೊಡನೆ ಪ್ರಯಾಣ ಮಾಡುತ್ತಿರಬಹುದು. ನನಗೆ ಈ ಸಂಗತಿ ತಿಳಿದದ್ದು ನಮ್ಮ ಕಾಕಾನವರ ದೆಸೆಯಿಂದ. ಅವರ ಮಾತಿಗೆ ಬರುವ ಮುನ್ನ ನಮ್ಮ ಊರಿನ ಬಂದೂಕುಗಳ ವಿಷಯವನ್ನು ಸ್ವಲ್ಪ ಹೇಳಬೇಕು.

ನಮ್ಮದು ಕಲಘಟಗಿ ತಾಲೂಕಿನ ದುಮ್ಮವಾಡ. ಕಲಘಟಗಿಯೆಂದರೆ ಹೊರಗಿನವರಿಗೆ ಬಣ್ಣದ ತೊಟ್ಟಿಲುಗಳ ನೆನಪಾಗುತ್ತದೆ. ಆದರೆ ಅಲ್ಲಿಯ ರೈತನಿಗೆ ಮೊದಲು ನೆನಪಾಗುವುದು ಕಾಡುಹಂದಿ. ನವಲಗುಂದ, ಅಣ್ಣಿಗೇರಿಗಳ ಬಯಲು ಎರೆಭೂಮಿಯಂತಲ್ಲ ನಮ್ಮ ಕಡೆ. ಅದು ಮಲೆನಾಡಿನ ಸೆರಗು. ಭತ್ತ, ಗೋವಿನಜೋಳ, ಕಬ್ಬು ಬೆಳೆಯುವ ಹೊಲಗಳಿಗೆ ಅಡವಿ ಹತ್ತಿರ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಯ ಹಿಂಡು ಹೊಲಕ್ಕೆ ನುಗ್ಗಿತೆಂದರೆ ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ನೆಲ ಕಚ್ಚುತ್ತದೆ. ಆದುದರಿಂದ ಹೊಲದಲ್ಲಿ ಮಂಚಿಕೆ ಕಟ್ಟಿ, ಡಬ್ಬಿ ಬಾರಿಸುತ್ತ, ಕೂಗು ಹಾಕುತ್ತ ರಾತ್ರಿ ಕಳೆಯುವುದು ವಾಡಿಕೆ. ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೆಲವರ ಬಳಿ ಕೇಪಿನ ಬಂದೂಕುಗಳಿದ್ದವು. ನಳಿಗೆಗೆ ಮದ್ದು ಸುರಿದು, ಗಜದಿಂದ ಜಡಿದು, ಕೇಪು ಇಟ್ಟು ಆಕಾಶಕ್ಕೆ ಒಂದು ಈಡು ಹಾರಿಸಿದರೆ ಹಂದಿಗಳು ಓಡುತ್ತಿದ್ದವು. ಮಕ್ಕಳಾಗಿದ್ದ ನಮಗೆ ಬಂದೂಕೆಂದರೆ ಮನುಷ್ಯರ ಕಡೆಗೆ ತಿರುಗುವ ವಸ್ತುವೆಂಬ ಕಲ್ಪನೆಯೇ ಇರಲಿಲ್ಲ. ಅದು ನೇಗಿಲು, ಕುರಿಗೆಗಳ ಸಾಲಿನ ಒಂದು ಸಲಕರಣೆಯಾಗಿತ್ತು.

ಹಾಗಿದ್ದರೂ ಆ ಸಲಕರಣೆಗೆ ಒಂದು ಕಾಗದದ ಹಂಗು ಇದ್ದೇ ಇತ್ತು, ಮತ್ತು ಆ ಹಂಗಿನ ಚರಿತ್ರೆ ನಮ್ಮ ಸೀಮೆಯಲ್ಲಿ ರಕ್ತದಿಂದ ಬರೆದದ್ದು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಹತ್ಯಾರ ಒಪ್ಪಿಸಲು ನಿರಾಕರಿಸಿದರು. ದಂಡು ಬಂತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಅನೇಕರು ಗಲ್ಲಿಗೇರಿದರು. ಹಲಗಲಿಯ ಬೇಡರ ಲಾವಣಿಯನ್ನು ಕೇಳದವರು ಉತ್ತರ ಕರ್ನಾಟಕದಲ್ಲಿ ವಿರಳ. ಮರುವರ್ಷ ನರಗುಂದದ ಬಾಬಾಸಾಹೇಬರ ಬಂಡಾಯವೂ ಇದೇ ಕಾವಿನಲ್ಲಿ ಎದ್ದದ್ದು. ಅನಂತರ 1878ರ ಶಸ್ತ್ರ ಕಾಯಿದೆ ಬಂತು. ಸ್ವತಂತ್ರ ಭಾರತ ಅದನ್ನು ಬದಿಗೆ ಸರಿಸಿ 1959ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಪ್ರಜೆಗಳಿಗೆ ಅಂಜಿ ಪರಕೀಯರು ಕಟ್ಟಿದ ಬೇಲಿಯನ್ನು ನಮ್ಮವರು ಸಡಿಲಿಸಿದರೇ ಹೊರತು ಕೀಳಲಿಲ್ಲ. ಕೀಳದಿದ್ದುದೇ ಒಳ್ಳೆಯದಾಯಿತೆಂದು ಇಂದಿನ ಲೋಕದ ಸುದ್ದಿಗಳನ್ನು ಓದುವಾಗ ನನಗೆ ಅನಿಸುತ್ತದೆ.

ಇದೇ ನಾಡಿನ ಇನ್ನೊಂದು ತುದಿಯಲ್ಲಿ ಚಿತ್ರ ಬೇರೆಯೇ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೂ ಬಂದೂಕು ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್‌ಪೋದ್ ಹಬ್ಬದಂದು ಅವರು ಬಂದೂಕಿಗೆ ಹೂವು ಮುಡಿಸಿ ಪೂಜಿಸುತ್ತಾರೆ. ಆದರೆ ಅಂಥ ಮನೆಯವರೂ ವಿಮಾನದ ಕೌಂಟರಿನ ಮುಂದೆ ನಿಂತಾಗ ವಿನಾಯಿತಿಯ ಪ್ರಮಾಣಪತ್ರವನ್ನು ತೋರಿಸಲೇಬೇಕು. ಅಲ್ಲಿ ಹಬ್ಬವೂ ಇಲ್ಲ, ಲಾವಣಿಯೂ ಇಲ್ಲ, ಕಾಗದವೊಂದೇ ಮಾತನಾಡುತ್ತದೆ.

ಇನ್ನು ಕಾಕಾನವರ ವಿಷಯ. ಅವರು ನನ್ನ ತಂದೆಯ ಕಿರಿಯ ತಮ್ಮ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತರಬೇತಿ ಪಡೆದು, ಹದಿನೇಳು ವರ್ಷ ದಂಡಿನಲ್ಲಿದ್ದು ಊರಿಗೆ ಮರಳಿದವರು. ಪಿಂಚಣಿಯೊಂದರಿಂದಲೇ ಮಕ್ಕಳ ಓದು, ಮನೆಯ ಸಾಲ ತೀರುವಂತಿರಲಿಲ್ಲ. ಕಾವಲು ಕೆಲಸ ಕೊಡುವ ಸಂಸ್ಥೆಗಳು ಬರಿಗೈ ಕಾವಲುಗಾರನಿಗಿಂತ ಸ್ವಂತ ಬಂದೂಕುಳ್ಳವನಿಗೆ ಹೆಚ್ಚು ಸಂಬಳ ಕೊಡುತ್ತವೆಂದು ಜೊತೆಗಾರರು ಹೇಳಿದರು. 2003ರಲ್ಲಿ ಜಿಲ್ಲಾಧಿಕಾರಿಗಳಿಂದ ಪರವಾನಗಿ ದೊರೆಯಿತು. ಜೋಡುನಳಿಗೆಯ ಹನ್ನೆರಡು ಬೋರಿನ ಬಂದೂಕು ಬಂತು. ಹನ್ನೆರಡು ಬೋರೆಂದರೆ ಹನ್ನೆರಡು ಗುಂಡು ಹಾರಿಸುವ ಬಂದೂಕೆಂದು ಊರಲ್ಲಿ ಬಹಳ ಜನರು ತಿಳಿದಿದ್ದರು. ಹಾಗಲ್ಲ, ಒಂದು ಪೌಂಡು ಸೀಸದಿಂದ ನಳಿಗೆಯ ಒಳ ಅಳತೆಗೆ ಸರಿಯಾದ ಹನ್ನೆರಡು ಗುಂಡುಗಳಾಗುತ್ತವೆಂಬುದು ಆ ಲೆಕ್ಕ. ಹೀಗೆ ಕಾಕಾನವರು ಅದನ್ನು ಹೆಗಲಿಗೇರಿಸಿ ಮೊದಲು ಪುಣೆಗೆ, ಆಮೇಲೆ ದೆಹಲಿಯ ಕಡೆಗೆ ಹೋದರು. ವರ್ಷಗಟ್ಟಲೆ ಹಣದ ಗಾಡಿಯ ಹಿಂದೆ, ಆಮೇಲೆ ಚಿನ್ನದಂಗಡಿಯ ಬಾಗಿಲಲ್ಲಿ ನಿಂತರು. ಒಮ್ಮೆಯೂ ಕುದುರೆ ಎಳೆಯುವ ಪ್ರಸಂಗ ಬರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಪರವಾನಗಿಯನ್ನು ಸರ್ಕಾರ ಕೊಡುವುದು ವ್ಯಕ್ತಿಯ ಆತ್ಮರಕ್ಷಣೆಗೆಂದು. ಪೇಟೆ ಅದನ್ನು ಬಳಸಿಕೊಳ್ಳುವುದು ಇನ್ನೊಬ್ಬರ ಹಣದ ರಕ್ಷಣೆಗೆಂದು. ಬಂದೂಕು ಬಡವನದು, ಅದರ ನವೀಕರಣದ ಖರ್ಚು ಬಡವನದು, ಅದು ಕಳೆದರೆ ಜೈಲಿನ ಭಯವೂ ಬಡವನದೇ. ಅದರ ನೆರಳಿನಲ್ಲಿ ನಿಶ್ಚಿಂತೆಯಿಂದ ಮಲಗುವವರು ಬೇರೆ. ಈ ವ್ಯವಸ್ಥೆ ನ್ಯಾಯವಾದುದೆಂದು ನನಗೆ ಎಂದೂ ಅನಿಸಿಲ್ಲ.

2018ರ ಮಳೆಗಾಲದ ಒಂದು ಶನಿವಾರ ಸಂಜೆ ನಮ್ಮ ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದಳು. ಸೊಂಟ ಮುರಿದಿತ್ತು, ರಾತ್ರಿಯ ಹೊತ್ತಿಗೆ ಪ್ರಜ್ಞೆ ಮಸುಕಾಯಿತು. ವೈದ್ಯರು ತಲೆಯಾಡಿಸಿದರು. ಕಾಕಾನವರಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಕೇಳಿದರು: “ತಮ್ಮಾ, ಈಗಿಂದೀಗ ಹೊಂಟು ಬರ್ತೀನಿ. ಆದ್ರ ಇದನ್ನ ಎಲ್ಲಿ ಇಡ್ಲಿ?”

‘ಇದು’ ಎಂದರೆ ಏನೆಂದು ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಇಕ್ಕಟ್ಟು ಎಷ್ಟು ದೊಡ್ಡದೆಂದು ತಿಳಿಯಿತು. ಬಾಡಿಗೆಯ ಕೋಣೆಯಲ್ಲಿ ನಾಲ್ವರೊಡನೆ ಇರುವ ಮನುಷ್ಯ. ಪರವಾನಗಿ ಇಲ್ಲದವನ ವಶಕ್ಕೆ ಬಂದೂಕನ್ನು ಒಪ್ಪಿಸುವುದು ಅಪರಾಧ. ಕೆಲಸ ಕೊಟ್ಟವರು ಅದು ತಮ್ಮ ಸ್ವತ್ತಲ್ಲವಾದುದರಿಂದ ಇಟ್ಟುಕೊಳ್ಳಲು ಒಪ್ಪರು. ಅಧಿಕೃತ ಬಂದೂಕು ವ್ಯಾಪಾರಿಯಲ್ಲಿ ಶುಲ್ಕ ಕೊಟ್ಟು ಇಡಬಹುದು. ಆದರೆ ಶನಿವಾರದ ರಾತ್ರಿ, ಮರುದಿನ ಭಾನುವಾರ, ಯಾವ ಅಂಗಡಿ ತೆರೆದಿದ್ದೀತು? ರೈಲಿನಲ್ಲಿ ಜೊತೆಗೇ ತರಬಹುದು, ಆದರೆ ದೆಹಲಿಯಿಂದ ಹುಬ್ಬಳ್ಳಿಗೆ ರೈಲು ಒಂದೂವರೆ ದಿನದ ದಾರಿ. ಅಜ್ಜಿಯ ಬಳಿ ಅಷ್ಟು ಹೊತ್ತು ಇದೆಯೇ ಎಂಬುದು ಯಾರಿಗೂ ತಿಳಿಯದು. ಹೆತ್ತ ತಾಯಿಯ ಮುಖ ನೋಡಲು ಹೊರಟವನಿಗೆ ಮೂರೂವರೆ ಕಿಲೋ ಭಾರದ ಕಬ್ಬಿಣ ಅಡ್ಡ ನಿಂತಿತ್ತು.

ವಿಮಾನಯಾನ ಸಂಸ್ಥೆಯ ಸಹಾಯವಾಣಿಗೆ ಫೋನು ಮಾಡಿ, ನಿಯಮಗಳನ್ನು ಓದಿ, ನಾನೇ ತಿರುಗಿ ಹೇಳಿದೆ: “ಕಾಕಾ, ವಿಮಾನದಾಗೂ ತರಾಕ ಬರ್ತೈತ್ರಿ. ಲೈಸನ್ಸಿನ ಮ್ಯಾಲೆ ಅಖಿಲ ಭಾರತ ಅಂತ ಬರದಿರಬೇಕು.” ಬರೆದಿತ್ತು. ಆ ಎರಡು ಪದಗಳಿಗಾಗಿ ಅವರು ಹಿಂದೆ ಎಷ್ಟು ಸಲ ಧಾರವಾಡಕ್ಕೆ ಅಲೆದಿದ್ದರೆಂಬುದು ನನಗೆ ಗೊತ್ತಿತ್ತು.

ನಿಯಮಗಳು ಕೇಳಲು ಸರಳ. ಪರವಾನಗಿಯ ಮೂಲಪ್ರತಿ ಕೈಯಲ್ಲಿರಬೇಕು. ನಿಲ್ದಾಣದ ಬಾಗಿಲಲ್ಲಿಯೇ ಭದ್ರತಾ ಸಿಬ್ಬಂದಿಗೆ, ಆಮೇಲೆ ಸಾಮಾನು ಒಪ್ಪಿಸುವ ಕೌಂಟರಿನಲ್ಲಿ, ತಾನಾಗಿಯೇ ‘ನನ್ನಲ್ಲಿ ಬಂದೂಕಿದೆ’ ಎಂದು ತಿಳಿಸಬೇಕು. ಬಂದೂಕು ಬರಿದಾಗಿದೆಯೆಂದು ಸಂಸ್ಥೆಯ ಭದ್ರತಾ ಅಧಿಕಾರಿ ಕಣ್ಣಾರೆ ನೋಡಬೇಕು. ಕಾಡತೂಸುಗಳನ್ನು ಬಂದೂಕಿನಿಂದ ಬೇರೆಯಾಗಿ, ಅಲುಗಾಡದಂತೆ ಗಟ್ಟಿ ಡಬ್ಬಿಯಲ್ಲಿ ಕಟ್ಟಬೇಕು. ನಮ್ಮ ದೇಶದಲ್ಲಿ 50ರ ಮಿತಿ. ಅಂತಾರಾಷ್ಟ್ರೀಯ ನಿಯಮದಂತೆ ಒಬ್ಬನ ಮದ್ದುಗುಂಡಿನ ತೂಕ 5 ಕಿಲೋ ಮೀರಬಾರದು. ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು. ಪೆಟ್ಟಿಗೆಗೆ ಬೀಗ. ಆಮೇಲೆ ಅದು ಸರಕುಕೋಣೆಗೆ, ಪ್ರಯಾಣಿಕನ ಕೈಗೆ ಎಟುಕದ ಕಡೆಗೆ ಹೋಗುತ್ತದೆ. ಇದಕ್ಕೆ ಸಂಸ್ಥೆಗಳು ಬೇರೆ ಶುಲ್ಕವನ್ನೂ ತೆಗೆದುಕೊಳ್ಳುತ್ತವೆ. ಜೋಡುನಳಿಗೆಯ ಬಂದೂಕಿನ ಒಂದು ಅನುಕೂಲವೆಂದರೆ ಅದು ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ಹಿಡಿಯೊಡನೆ ಕುದುರೆಯ ಭಾಗ, ನಳಿಗೆಯ ಕೆಳಗಿನ ಕಟ್ಟಿಗೆ. ಕಾಕಾನವರು ಅದನ್ನು ಬಿಚ್ಚಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬೆಳಗಿನ ವಿಮಾನಕ್ಕೆ ನಾಲ್ಕು ಗಂಟೆ ಮುಂಚೆಯೇ ಹೋಗಿ ನಿಂತರು.

ಆದರೂ ಆ ವಿಮಾನ ಅವರಿಗೆ ಸಿಗಲಿಲ್ಲ. ಕೌಂಟರಿನಲ್ಲಿದ್ದ ಎಳೆಯ ಹುಡುಗ ಬಂದೂಕು ಎಂಬ ಶಬ್ದ ಕೇಳಿಯೇ ಹೌಹಾರಿದನಂತೆ. ಅವನು ಮೇಲಿನವರನ್ನು ಕರೆದ. ಅವರು ಇನ್ನೊಬ್ಬರನ್ನು ಕೇಳಿದರು. ಸರದಿ ಬದಲಾಗುವ ಹೊತ್ತು. ಬಂದೂಕನ್ನು ಪರೀಕ್ಷಿಸುವ ಅಧಿಕಾರವುಳ್ಳವರು ಇನ್ನೂ ಬಂದಿರಲಿಲ್ಲ. ಒಬ್ಬರು ಸಾಧ್ಯವೇ ಇಲ್ಲವೆಂದರು, ಇನ್ನೊಬ್ಬರು ಆಗುತ್ತದೆ ಎಂದರು. ಈ ನಡುವೆ ಬಾಗಿಲು ಮುಚ್ಚಿತು. ಸಂಸ್ಥೆಯವರು ಮಧ್ಯಾಹ್ನದ ವಿಮಾನದಲ್ಲಿ ಸ್ಥಳ ಕೊಟ್ಟರೆಂಬುದನ್ನೂ ಹೇಳಬೇಕು. ಹದಿನೇಳು ವರ್ಷ ದಂಡಿನಲ್ಲಿ ಬಂದೂಕು ಹೊತ್ತವರು ಆ ಎಂಟು ಗಂಟೆ ತಗಡಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಒಂದು ಮೂಲೆಯಲ್ಲಿ ಕುಳಿತರು. ನೀರು ಕುಡಿಯಲು ಕೂಡ ಎದ್ದು ಹೋಗಲಾರರು. ಪೆಟ್ಟಿಗೆಯನ್ನು ಬಿಟ್ಟು ಹೋಗುವಂತಿಲ್ಲ. ಹೊತ್ತು ತಿರುಗಿದರೆ ಜನ ನೋಡುತ್ತಾರೆ. “ಕಳ್ಳನ್ನ ನೋಡಿದಂಗ ನೋಡ್ತಿದ್ರು, ತಮ್ಮಾ” ಎಂದಷ್ಟೇ ಅವರು ಆಮೇಲೆ ಹೇಳಿದ್ದು.

ಆ ಹುಡುಗನನ್ನು ನಾನು ಪೂರ್ತಿ ದೂರಲಾರೆ. ಅವನ ಅಂಜಿಕೆಯ ಹಿಂದೆ ಒಂದು ಚರಿತ್ರೆ ಇದೆ. 1971ರ ಜನವರಿ 30ರಂದು ಶ್ರೀನಗರದಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ವಿಮಾನವನ್ನು ಇಬ್ಬರು ಲಾಹೋರಿಗೆ ಅಪಹರಿಸಿದಾಗ ಅವರ ಕೈಯಲ್ಲಿದ್ದದ್ದು ನಕಲಿ ಪಿಸ್ತೂಲು. ಆಟಿಕೆಯೇ ಒಂದು ವಿಮಾನವನ್ನು ಸುಡಿಸಿತು. 1976ರಲ್ಲಿ ಇನ್ನೊಂದು ಅಪಹರಣ. ಅದರ ಫಲವಾಗಿ 1978ರಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆಂದು ಪ್ರತ್ಯೇಕ ವಿಭಾಗ ಹುಟ್ಟಿತು. 1985ರಲ್ಲಿ ‘ಕನಿಷ್ಕ’ ವಿಮಾನ ಸಮುದ್ರದ ಮೇಲೆ ಸಿಡಿದು 329 ಮಂದಿ ಸತ್ತ ಮೇಲೆ, 1987ರಲ್ಲಿ ಆ ವಿಭಾಗ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನ ಕಂದಹಾರ ಪ್ರಕರಣದ ಬಳಿಕ, 2000ದಿಂದ, ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ಒಂದೊಂದಾಗಿ ನಿಲ್ದಾಣಗಳ ಕಾವಲು ವಹಿಸಿಕೊಂಡಿತು. ಇಂದು ನಮ್ಮ ಮೈದಡವುವ ಪ್ರತಿಯೊಂದು ಕೈಯ ಹಿಂದೆಯೂ ಇಂಥ ಒಂದೊಂದು ಶೋಕವಿದೆ. ಹಾಗೆಂದು, ಸತ್ಯವನ್ನು ತಾನಾಗಿ ಹೇಳಿ ಕಾಗದ ಮುಂದಿಟ್ಟವನನ್ನು ಮುಚ್ಚಿಟ್ಟು ಸಿಕ್ಕಿಬಿದ್ದವನಂತೆ ಕಾಣುವುದು ಸರಿಯೇ?

ಹೆಸರುವಾಸಿಯಾದವರಿಗೂ ಈ ಪಾಡು ತಪ್ಪಿಲ್ಲ. 2021ರ ಫೆಬ್ರವರಿಯಲ್ಲಿ ಗುರಿಕಾರ್ತಿ ಮನು ಭಾಕರ್ ದೆಹಲಿಯಿಂದ ಭೋಪಾಲದ ತರಬೇತಿ ಶಿಬಿರಕ್ಕೆ ಹೊರಟಾಗ ತನ್ನ ಪಿಸ್ತೂಲುಗಳ ಕಾರಣದಿಂದ ವಿಮಾನ ಹತ್ತಲು ಬಿಡುತ್ತಿಲ್ಲವೆಂದು ಬಹಿರಂಗವಾಗಿ ಅಳಲು ತೋಡಿಕೊಂಡರು. ಮಂತ್ರಿಗಳ ಕಿವಿಗೆ ಮುಟ್ಟಿದ ಮೇಲೆ ದಾರಿ ತೆರೆಯಿತು. ಮುಂದೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚಿನ ಪದಕ ತಂದವರು ಅವರೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರಂಥ ಪಿಸ್ತೂಲು ಗುರಿಕಾರರು ದೇಶದೇಶ ಸುತ್ತಿದ್ದು ಇದೇ ಪೆಟ್ಟಿಗೆ, ಇದೇ ಘೋಷಣಾ ಪತ್ರಗಳೊಡನೆ. ಮಂತ್ರಿಗಳ ಕಿವಿ ಎಟುಕದ ದುಮ್ಮವಾಡದವನು ಮಧ್ಯಾಹ್ನದವರೆಗೆ ಕಾಯಬೇಕು, ಅಷ್ಟೇ.

ನಿಜವಾದ ಅಪಾಯ ತಾನಾಗಿ ಹೇಳುವವನಿಂದಲ್ಲ, ಮರೆತವನಿಂದ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳವರಿಗೆ ಇದು ಚೆನ್ನಾಗಿ ಗೊತ್ತು. 2023ರಲ್ಲಿ ಆ ದೇಶದ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲಗಳಿಂದ 6,737 ಬಂದೂಕುಗಳು ಸಿಕ್ಕವು. ಬಹುಪಾಲು ಗುಂಡು ತುಂಬಿದ್ದವು. ಚೀಲದಲ್ಲಿರುವುದೇ ಮರೆತಿತ್ತೆಂಬುದು ಅಲ್ಲಿಯ ಸಾಮಾನ್ಯ ಉತ್ತರ. ನಮ್ಮಲ್ಲಿ ಬಂದೂಕು ಅಷ್ಟಾಗಿ ಸಿಗದು. ಸಿಗುವುದು ಒಂಟಿ ಕಾಡತೂಸು. ತಂದೆಯದೋ ಮಾವನದೋ ಹಳೆಯ ಚೀಲವನ್ನು ಎತ್ತಿಕೊಂಡು ಹೊರಟವನ ಒಳಕಿಸೆಯ ಮೂಲೆಯಲ್ಲಿ ಒಂದೇ ಒಂದು ಕಾಡತೂಸು ಯಂತ್ರದ ಕಣ್ಣಿಗೆ ಬಿದ್ದರೆ ಸಾಕು, ಪ್ರಯಾಣ ನಿಂತು ಪೊಲೀಸ್ ಠಾಣೆಯ ದಾರಿ ಹಿಡಿಯಬೇಕು. ವಸ್ತು ತನ್ನ ಬಳಿ ಇದೆಯೆಂಬ ಅರಿವು ಇದ್ದರೆ ಮಾತ್ರ ಅದು ವಶದಲ್ಲಿದ್ದಂತೆ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1972ರ ಗುಣವಂತಲಾಲ್ ಪ್ರಕರಣದಲ್ಲಿಯೇ ಹೇಳಿದೆ. ಅದನ್ನು ಆಧರಿಸಿ ಉಚ್ಚ ನ್ಯಾಯಾಲಯಗಳು ಇಂಥ ಎಷ್ಟೋ ಮೊಕದ್ದಮೆಗಳನ್ನು ರದ್ದುಪಡಿಸಿವೆ. ಆದರೆ ಅಲ್ಲಿಯವರೆಗಿನ ಅಲೆದಾಟ? ಕಾಕಾನವರು ತಮ್ಮ ಖಾಕಿ ಚೀಲವನ್ನು ಮನೆಯಲ್ಲಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಸಂತೆಗೆ ಕೂಡ ಕೊಡುತ್ತಿರಲಿಲ್ಲ. ಜಿಪುಣತನವೆಂದು ನಾವು ನಗುತ್ತಿದ್ದೆವು. ನಿಮ್ಮ ಮನೆಯಲ್ಲಿ ಮಾಜಿ ಸೈನಿಕರೋ, ಪರವಾನಗಿಯುಳ್ಳವರೋ ಇದ್ದರೆ, ದಯವಿಟ್ಟು ಅವರ ಚೀಲ, ಕೋಟುಗಳನ್ನು ಪ್ರಯಾಣಕ್ಕೆ ಬಳಸಬೇಡಿ. ಬಳಸಲೇಬೇಕಾದರೆ ಪ್ರತಿ ಕಿಸೆಯನ್ನೂ ಹೊರಳಿಸಿ ನೋಡಿ.

ಕಾಕಾನವರು ಬೆಂಗಳೂರಿಗೆ ಇಳಿದಾಗ ಸಂಜೆ. ಅಲ್ಲಿ ಪೆಟ್ಟಿಗೆ ಎಲ್ಲರ ಸಾಮಾನಿನೊಡನೆ ಬರಲಿಲ್ಲ. ಸಿಬ್ಬಂದಿಯೊಬ್ಬರು ಕೈಯಲ್ಲಿ ತಂದು, ಪರವಾನಗಿಯ ಸಂಖ್ಯೆ ತಾಳೆನೋಡಿ, ಸಹಿ ಪಡೆದು ಕೊಟ್ಟರು. “ಪಾಪ, ಆ ಹುಡುಗಿ ಭಾಳ ಮರ್ಯಾದಿಯಿಂದ ಮಾತಾಡಿಸಿದ್ಲು” ಎಂದು ಕಾಕಾ ಇಂದಿಗೂ ನೆನೆಯುತ್ತಾರೆ. ರಾತ್ರಿಯ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ನಸುಕಿನ ಮೊದಲ ಗಾಡಿಗೆ ಊರು. ಅಜ್ಜಿ ಇನ್ನೂ ಇದ್ದಳು.

ಅಂಗಳದಲ್ಲಿ ಜನ ತುಂಬಿದ್ದರು. ಎಲ್ಲರೂ ದಾರಿ ಬಿಟ್ಟು ಸರಿದು ನಿಂತರು, ಮಗ ತಾಯಿಯ ಬಳಿಗೆ ಹೋಗಲೆಂದು. ಕಾಕಾ ಪಡಸಾಲೆಯಲ್ಲಿ ಮಲಗಿಸಿದ್ದ ತಾಯಿಯ ಹಾಸಿಗೆಯನ್ನು ದಾಟಿ, ಆ ಕಡೆ ಕಣ್ಣು ಕೂಡ ಹೊರಳಿಸದೆ, ನೇರವಾಗಿ ಒಳಕೋಣೆಗೆ ನಡೆದರು. ಕಬ್ಬಿಣದ ಅಲಮಾರಿ ತೆರೆದ ಸದ್ದು ಕೇಳಿತು. ಬಂದೂಕಿನ ಪೆಟ್ಟಿಗೆ ಒಂದು ಖಾನೆಗೆ, ಕಾಡತೂಸಿನ ಡಬ್ಬಿ ಇನ್ನೊಂದಕ್ಕೆ. ಎರಡು ಸಲ ಕೀಲಿ ತಿರುವಿ, ಎಳೆದು ನೋಡಿ, ಕೀಲಿಯನ್ನು ಜನಿವಾರದಂತೆ ಕೊರಳಿನ ದಾರಕ್ಕೆ ಕಟ್ಟಿಕೊಂಡು ಹೊರಬಂದರು. ಆಮೇಲೆಯೇ ತಾಯಿಯ ತಲೆದಿಂಬಿನ ಬಳಿ ಕುಳಿತು “ಯವ್ವಾ” ಎಂದದ್ದು. ನೆರೆದವರಲ್ಲಿ ಒಬ್ಬಿಬ್ಬರು ಹೆಣ್ಣುಮಕ್ಕಳು ಗೊಣಗಿದರು: ಎಂಥ ಕಲ್ಲುಮನಸ್ಸಿನ ಮಗ! ಮನೆ ತುಂಬ ಮಕ್ಕಳು ಓಡಾಡುತ್ತಿದ್ದರೆಂಬುದು ಅವರಿಗೆ ಹೊಳೆಯಲಿಲ್ಲ. ಅಜ್ಜಿ ಮಗನ ಧ್ವನಿಯನ್ನು ಗುರುತಿಸಿದಳು. ಕಣ್ಣು ತೆರೆದು, ಉಂಡಿಯೇನೋ ಎಂದು ಕೇಳಿದಳು. ಒಂಬತ್ತು ದಿನ ಬದುಕಿ ತೀರಿಕೊಂಡಳು. ಆ ಒಂಬತ್ತು ದಿನವೂ ಕಾಕಾ ಅವಳ ಪಕ್ಕ ಬಿಟ್ಟು ಕದಲಲಿಲ್ಲ.

ಮತ್ತೆ ದೆಹಲಿಗೆ ಅವರು ಹೋಗಲಿಲ್ಲ. ಬಂದೂಕು ಊರಿನಲ್ಲೇ ಉಳಿಯಿತು. ಈಗ ಅದರ ಪ್ರಯಾಣವೆಂದರೆ ಪೊಲೀಸ್ ಠಾಣೆಯವರೆಗೆ ಮಾತ್ರ. ಚುನಾವಣೆ ಘೋಷಣೆಯಾದಾಗಲೆಲ್ಲ ಶಸ್ತ್ರಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದು ಆದೇಶ ಬರುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯತಿ, ಯಾವುದಾದರೊಂದು ಇದ್ದೇ ಇರುತ್ತದೆ. ಒಯ್ದು ಇಟ್ಟು ರಸೀದಿ ತರುವುದು, ಫಲಿತಾಂಶದ ಬಳಿಕ ಹೋಗಿ ಬಿಡಿಸಿಕೊಳ್ಳುವುದು. ಹಂದಿಗಳು ಚುನಾವಣೆಯನ್ನು ಲೆಕ್ಕಿಸುವುದಿಲ್ಲವೆಂದು ರೈತರು ನಗೆಯಾಡುತ್ತಾರೆ, ಆದರೂ ಒಯ್ದು ಇಡುತ್ತಾರೆ.

2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಅದೊಂದು ನೆಮ್ಮದಿ. 2016ರ ಶಸ್ತ್ರ ನಿಯಮಗಳಂತೆ ಎಪ್ಪತ್ತು ವರ್ಷ ತುಂಬಿದವರು, ಇಲ್ಲವೇ ಇಪ್ಪತ್ತೈದು ವರ್ಷ ಬಂದೂಕನ್ನು ಇಟ್ಟುಕೊಂಡವರು, ಬದುಕಿರುವಾಗಲೇ ಅದನ್ನು ವಾರಸುದಾರನಿಗೆ ವರ್ಗಾಯಿಸಲು ಕೇಳಿಕೊಳ್ಳಬಹುದು. ವಾರಸುದಾರನಿಗೂ ಪರವಾನಗಿ ಬೇಕು. ಕಾಕಾನವರ ಇಪ್ಪತ್ತೈದು ವರ್ಷ 2028ಕ್ಕೆ ತುಂಬುತ್ತದೆ. ಮಗ ಹುಬ್ಬಳ್ಳಿಯಲ್ಲಿ ವಿದ್ಯುತ್ ಕೆಲಸ ಮಾಡಿಕೊಂಡಿದ್ದಾನೆ. ತನಗೆ ಬೇಡವೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಮಾರಬೇಕೆಂದರೆ ಪರವಾನಗಿಯುಳ್ಳ ವ್ಯಾಪಾರಿಗೆ, ಸಿಕ್ಕಷ್ಟು ಬೆಲೆಗೆ. ಅದೂ ಬೇಡವೆಂದರೆ ಸರ್ಕಾರಕ್ಕೆ ಒಪ್ಪಿಸಿ ಬರಬೇಕು. ಮೊನ್ನೆ ಊರಿಗೆ ಹೋದಾಗ ಈ ಮಾತು ತೆಗೆದೆ. ಕಾಕಾ ನಳಿಗೆಯೊಳಗೆ ಎಣ್ಣೆಬಟ್ಟೆ ಎಳೆಯುತ್ತಿದ್ದರು. “ಇನ್ನೂ ಹೊತ್ತೈತಿ ತಗೋ” ಎಂದು ಹೇಳಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಧಾರವಾಡದಲ್ಲಿ ಹಳೆಯ ಬಂದೂಕುಗಳನ್ನು ಕೊಳ್ಳುವ ವ್ಯಾಪಾರಿ ಯಾರಾದರೂ ಇದ್ದಾರೆಯೇ, ಕೇಳಿಕೊಂಡು ಬಾ ಎಂದು ಹೊರಡುವಾಗ ಕಾಕೂ ನನ್ನ ಕಿವಿಯಲ್ಲಿ ಹೇಳಿದರು. ಇನ್ನೂ ಕೇಳಿಲ್ಲ.